ಇರಲಿ ಅಂತ ಹಾಕಿದ ಇನ್ನೊಂದು ಪ್ಲಸ್

ಆಲೂರಿನ ಬಸ್‌ಸ್ಟ್ಯಾಂಡಿಗೆ ಹತ್ತಿರವೇ ಬೀಜ ಮತ್ತು ಗೊಬ್ಬರದ ಅಂಗಡಿ ಇಟ್ಟಿರುವ ಚನ್ನಬಸವಯ್ಯನವರಿಗೆ ಕೈ ಬಿಗಿ ಹಿಡಿದು ಗೊತ್ತಿಲ್ಲ. ಎರಡು ಕೆಜಿ ಬಿತ್ತನೆ ಬೀಜ ಕೇಳಿದವರಿಗೆ ಎರಡು ಕೆಜಿ ತೂಗಿ, ತಕ್ಕಡಿ ಸಮವಾಗಿ ನಿಂತ ಮೇಲೆ, "ಇರ್ಲಿ" ಎಂದು ಇನ್ನೊಂದು ಹಿಡಿ ಹಾಕುವುದು ಅವರ ಮೂವತ್ತು ವರ್ಷದ ಅಭ್ಯಾಸ. ಕಾಫಿಗೆ ಸಕ್ಕರೆ, ಅರ್ಜಿಗೆ ಸಹಿ, ಮಾತಿಗೆ ಮಾತು, ಎಲ್ಲಕ್ಕೂ ಅವರದು ಒಂದು ಹಿಡಿ ಹೆಚ್ಚು. ಈ ಗುಣದಿಂದ ತಾಲ್ಲೂಕಿನಲ್ಲೆಲ್ಲ ಅವರಿಗೆ ಒಳ್ಳೆಯ ಹೆಸರಿದೆ. ಅದೇ ಗುಣದಿಂದ, ಮಗಳ ಮದುವೆಗೆ ಕರೆಯಲು ಹೊರಟ ಸೋಮವಾರ ಬೆಳಿಗ್ಗೆ, ಮೂರು ಕಡೆಯ ನೆಂಟಸ್ತನ ಮುರಿದು ಬೀಳುವುದರಲ್ಲಿತ್ತು.

ಮಗಳು ಸ್ನೇಹಾ ಹಾಸನದ ಕಾಲೇಜೊಂದರಲ್ಲಿ ಕಂಪ್ಯೂಟರ್ ಪಾಠ ಹೇಳುತ್ತಾಳೆ. ಕರೆಯಬೇಕಾದವರ ಪಟ್ಟಿಯನ್ನು ತಾನೇ ಸರಿಮಾಡಿಕೊಡುತ್ತೇನೆಂದು ಆಕೆ ಹೇಳಿದಾಗ ಚನ್ನಬಸವಯ್ಯನವರು ಕೈ ಅಡ್ಡ ಮಾಡಿದರು.

"ಮದುಮಗಳು ತನ್ ಮದ್ವೆ ಪಟ್ಟಿ ತಾನೇ ಮಾಡ್ಕಂಡ್ರೆ ಜನ ಏನಂತಾರವ್ವ? ನೀನು ಸುಮ್ನಿರು. ನಾನು ರೆಜೆಕ್ಸ್ ಹಾಕ್ತೀನಿ."

ಸ್ನೇಹಾ ಅಪ್ಪನ ಮುಖವನ್ನು ಒಮ್ಮೆ ನೋಡಿ ಸುಮ್ಮನಾದಳು. ನಿಜ ಸಂಗತಿಯೆಂದರೆ, ಅಂಗಡಿಯಲ್ಲಿ ವ್ಯಾಪಾರವಿಲ್ಲದ ಒಂದು ಮಧ್ಯಾಹ್ನ ಚನ್ನಬಸವಯ್ಯನವರು ಹನ್ನೆರಡು ನಿಮಿಷದ ವಿಡಿಯೋ ಒಂದನ್ನು ನೋಡಿದ್ದರು. ಸಾವಿರ ಸಾಲಿನ ಬರಹದಲ್ಲಿ ಬೇಕಾದ್ದನ್ನು ಒಂದೇ ಏಟಿಗೆ ಹುಡುಕಿ ಕತ್ತರಿಸುವ ಸೂತ್ರಕ್ಕೆ ರೆಜೆಕ್ಸ್ ಎನ್ನುತ್ತಾರೆ ಎಂಬುದು ಅವರಿಗೆ ಅಂದು ತಿಳಿಯಿತು. ಚುಕ್ಕಿ ಇಟ್ಟರೆ ಯಾವ ಅಕ್ಷರವಾದರೂ ಸರಿ. ಅದರ ಮುಂದೆ ಪ್ಲಸ್ ಹಾಕಿದರೆ ಅಂಥವು ಎಷ್ಟಿದ್ದರೂ ಸರಿ. ಮಾರನೆಯ ದಿನದಿಂದ ಯೂರಿಯಾ ಕೇಳಲು ಬಂದ ರೈತರೆಲ್ಲ ರೆಜೆಕ್ಸಿನ ಮಹಿಮೆ ಕೇಳಿಕೊಂಡು ಹೋಗುವಂತಾಯಿತು. ಒಂದಿಬ್ಬರು ಅದನ್ನು ಹೊಸ ಕಳೆನಾಶಕವೆಂದು ತಿಳಿದು ಅರ್ಧ ಲೀಟರ್ ಕೇಳಿದ್ದೂ ಉಂಟು.

ಆ ಸೀಮೆಯಲ್ಲಿ ಮದುವೆಗೆ ಕರೆಯುವುದೆಂದರೆ ಕಾರ್ಡು ಅಚ್ಚು ಹಾಕಿಸಿ ಕಳಿಸಿಬಿಡುವುದಲ್ಲ. ಮನೆ ಬಾಗಿಲಿಗೆ ಹೋಗಬೇಕು, ಹೆಂಗಸರಿಗೆ ಕುಂಕುಮ ಕೊಡಬೇಕು, ಹಿರಿಯರ ಕಾಲು ಮುಟ್ಟಬೇಕು, ವೀಳ್ಯದೆಲೆ ಅಡಿಕೆಯ ಮೇಲೆ ಕಾರ್ಡಿಟ್ಟು ಕೈಗೆ ಕೊಡಬೇಕು. ಮೊದಲ ದಿನ, ಮದುಮಗಳ ಸೋದರತ್ತೆ ತಟ್ಟೆ ಎತ್ತಿಕೊಂಡು ಹೊಸಿಲು ದಾಟಿದ ಮೇಲೆಯೇ ಉಳಿದವರು ಹೊರಡಬೇಕು. ಚನ್ನಬಸವಯ್ಯನವರ ಮನೆಯಲ್ಲಿ ಮೂರು ಜೀಪುಗಳು ಗೊತ್ತಾಗಿದ್ದವು: ಒಂದು ಕುಂದೂರಿನ ಕಡೆಗೆ, ಒಂದು ಪಾಳ್ಯದ ಕಡೆಗೆ, ಒಂದು ಸಕಲೇಶಪುರದ ಕಡೆಗೆ. ಸೋಮವಾರ ಒಂಬತ್ತಕ್ಕೆ ರಾಹುಕಾಲ ಕಳೆಯುತ್ತದೆ, ಹತ್ತೂವರೆಗೆ ಯಮಗಂಡ ಕಾಲ ಶುರುವಾಗುತ್ತದೆ. ಆ ಒಂದೂವರೆ ಗಂಟೆಯೊಳಗೆ ತಟ್ಟೆ ಹೊಸಿಲು ದಾಟಬೇಕು; ತಪ್ಪಿದರೆ ಒಳ್ಳೆಯ ದಿನ ಮತ್ತೆ ಹತ್ತು ದಿನಕ್ಕೆ. ಮದುವೆಗೆ ಉಳಿದಿದ್ದುದೇ ಹದಿನಾರು ದಿನ.

ಮೂರು ಕಡೆಯ ನೆಂಟರಿಗೂ ಚನ್ನಬಸವಯ್ಯನವರು ವಾಟ್ಸಾಪಿನಲ್ಲಿ ಕಟ್ಟಪ್ಪಣೆ ಹೊರಡಿಸಿದ್ದರು: ಒಬ್ಬರಿಗೆ ಒಂದೇ ಸಾಲು. ಮೊದಲು ಊರು, ಆಮೇಲೆ ಹೆಸರು, ಕೊನೆಗೆ ಹತ್ತಂಕಿಯ ಫೋನ್ ನಂಬರ್. ನಂಬರ್ ಇಲ್ಲದ ಸಾಲು ನಡೆಯುವುದಿಲ್ಲ.

ಸಾವಿರದ ಚಿಲ್ಲರೆ ಸಾಲು ಬಂದವು. ಸೂತ್ರ ಪ್ರತಿ ಸಾಲಿನ ಕೊನೆಯ ಹತ್ತಂಕಿಯನ್ನು ಕತ್ತರಿಸಿ ಪಕ್ಕಕ್ಕಿಡಬೇಕು. ದಾರಿಯಲ್ಲಿ ಯಾರು ಮನೆಯಲ್ಲಿದ್ದಾರೆ ಎಂದು ಕೇಳಿಕೊಂಡು ಹೋಗಲು ಜೀಪಿನವರಿಗೆ ಅನುಕೂಲ. ಭಾನುವಾರ ಸಂಜೆ ಹತ್ತು ಸಾಲಿನ ಮೇಲೆ ಪರೀಕ್ಷೆ ನಡೆಯಿತು. ಚುಕ್ಕಿ, ಪ್ಲಸ್, ಸುತ್ತ ಒಂದು ಕಂಸ, ಕೊನೆಗೆ ಹತ್ತಂಕಿ. ಕಣ್ಣು ಮಿಟುಕಿಸುವಷ್ಟರಲ್ಲಿ ಕೆಲಸ ಮುಗಿಯಿತು. ಚನ್ನಬಸವಯ್ಯನವರು ಸೂತ್ರವನ್ನು ತೃಪ್ತಿಯಿಂದ ನೋಡಿದರು. ಕಂಸದ ಒಳಗೆ ಒಂದೇ ಒಂದು ಪ್ಲಸ್ ಇತ್ತು. ಸಾವಿರ ಸಾಲಿಗೆ ಒಂದು ಸಾಲದೇ ಹೋದರೆ? "ಇರ್ಲಿ" ಎಂದು ಕಂಸದ ಹೊರಗೆ ಇನ್ನೊಂದು ಪ್ಲಸ್ ಹಾಕಿ ಮಲಗಲು ಹೋದರು.

ಸೋಮವಾರ ಜಗಲಿಯ ತುಂಬ ಜನ. ಕುಂದೂರಿನ ಕಡೆಯ ಮುಖಂಡರು ಶಾಂತಮಲ್ಲಪ್ಪ, ಚನ್ನಬಸವಯ್ಯನವರ ದೊಡ್ಡಪ್ಪನ ಮಗ, ಉಪ್ಪಿಟ್ಟಿನ ತಟ್ಟೆ ಹಿಡಿದು ಕಿಟಕಿಯ ಪಕ್ಕದಲ್ಲಿ ಕುಳಿತಿದ್ದರು. ಪಾಳ್ಯಕ್ಕೆ ಕೊಟ್ಟಿದ್ದ ಅಕ್ಕ ಸುಲೋಚನಮ್ಮ, ಅಂದರೆ ಮದುಮಗಳ ಸೋದರತ್ತೆ, ರೇಷ್ಮೆ ಸೀರೆ ಉಟ್ಟು ಒಳಗಿನ ಕುರ್ಚಿಯಲ್ಲಿ ತಟ್ಟೆಯ ಮುಂದೆ ಕುಳಿತಿದ್ದರು. ಸ್ನೇಹಾಳಿಗೆ ಗಂಡು ಹುಡುಕಿದವರೂ ಅವರೇ. ಸಕಲೇಶಪುರದ ಕಡೆಯವರೆಂದರೆ ಚನ್ನಬಸವಯ್ಯನವರ ಹೆಂಡತಿ ರಾಜಲಕ್ಷ್ಮಮ್ಮನ ತವರಿನವರು; ಅವರ ಪರವಾಗಿ ಸದ್ಯಕ್ಕೆ ಜೀಪಿನ ಡ್ರೈವರ್ ಬೋರಯ್ಯನೊಬ್ಬನೇ ಇದ್ದ.

ಒಂಬತ್ತು ಹೊಡೆಯಿತು. ಅಂಗಡಿಯಿಂದ ತಂದಿಟ್ಟಿದ್ದ ಕಂಪ್ಯೂಟರಿಗೆ ವಿಭೂತಿ ಹಚ್ಚಿ, ಪಟ್ಟಿಯನ್ನು ತೆರೆದು, ಸೂತ್ರ ಹಾಕಿ, ಚನ್ನಬಸವಯ್ಯನವರು ಎಲ್ಲರನ್ನೂ ಒಮ್ಮೆ ನೋಡಿದರು.

"ಕಣ್ ಮುಚ್ಬ್ಯಾಡಿ. ಮುಚ್ಚಿದ್ರೆ ನೋಡೋಕ್ ಸಿಗಲ್ಲ."

ಒತ್ತಿದರು. ಯಾರೂ ಕಣ್ಣು ಮುಚ್ಚಲಿಲ್ಲ. ಐದು ನಿಮಿಷ ಹಾಗೇ ನೋಡಿ ಹಲವರ ಕಣ್ಣಲ್ಲಿ ನೀರು ಬಂತು. ಪರದೆಯ ಮೇಲೆ ಒಂದು ಚಕ್ರ ಸುತ್ತುತ್ತಿತ್ತು, ಪಟ್ಟಿ ಬಿಳಿಚಿಕೊಂಡಿತ್ತು, ಮೌಸು ಅಲುಗಾಡಿಸಿದರೂ ಬಾಣದ ಗುರುತು ಅಲುಗುತ್ತಿರಲಿಲ್ಲ. ಪೆಟ್ಟಿಗೆಯೊಳಗಿನ ಫ್ಯಾನು ಮಾತ್ರ ಗುಂಯ್ಯೆಂದು ಕೂಗುತ್ತಿತ್ತು.

"ಬಿಸಿ ಆಗೈತೆ ಸ್ವಾಮಿ," ಎಂದ ಬೋರಯ್ಯ. "ಘಾಟಿ ಹತ್ಬೇಕಾದ್ರೆ ನಮ್ ಜೀಪೂ ಹಿಂಗೇ ಕೂಗ್ತದೆ. ಬಾನೆಟ್ ಎತ್ತಿ ಗಾಳಿ ಬುಡ್ಬೇಕು."

ಬೇರೆ ದಾರಿ ತೋಚದೆ ಪೆಟ್ಟಿಗೆಯ ಪಕ್ಕದ ತಗಡು ಬಿಚ್ಚಿದರು. ರಾಜಲಕ್ಷ್ಮಮ್ಮ ಮೊರ ತಂದು ಬೀಸಿದರು. ಆರು ವರ್ಷ ಗೊಬ್ಬರದ ಅಂಗಡಿಯಲ್ಲಿದ್ದ ಪೆಟ್ಟಿಗೆಯಿಂದ ಆರು ವರ್ಷದ ಧೂಳು ಎದ್ದು ಕೋಣೆಯನ್ನು ತುಂಬಿತು. ಸುಲೋಚನಮ್ಮ ಏಳು ಸಲ ಸೀನಿದರು. ಶುಭಕಾರ್ಯಕ್ಕೆ ಹೊರಟಾಗ ಒಂಟಿ ಸೀನು ಕೆಟ್ಟದ್ದೆಂದು ಎಲ್ಲರೂ ಬಲ್ಲರು. ಏಳರ ಬಗ್ಗೆ ಯಾರಿಗೂ ಗೊತ್ತಿರಲಿಲ್ಲವಾದ್ದರಿಂದ ಚರ್ಚೆಯಾಯಿತು. ಚಕ್ರ ಸುತ್ತುತ್ತಲೇ ಇತ್ತು.

ಒಂಬತ್ತೂ ಇಪ್ಪತ್ತಕ್ಕೆ ಚನ್ನಬಸವಯ್ಯನವರು ಮಾನ ಬಿಟ್ಟು ಮಗಳಿಗೆ ಫೋನ್ ಮಾಡಿದರು. ಬೆಳಗಿನ ಒಂದು ತರಗತಿ ಮುಗಿಸಿ ಆಕೆ ಆಗತಾನೆ ಹಾಸನದಲ್ಲಿ ಬಸ್ಸು ಹತ್ತಿದ್ದಳು.

"ಅಪ್ಪಾ, ಗಾಬರಿ ಆಗ್ಬೇಡಿ. ಯಾವುದೋ ಒಂದು ಸಾಲಿನ ಹತ್ರ ಸಿಕ್ಕಾಕ್ಕೊಂಡೈತೆ. ಅದ್ಯಾವ್ದು ಅಂತ ಹುಡುಕ್ಬೇಕು. ಬಟನ್ ಒತ್ತಿಡ್ದು ಆಫ್ ಮಾಡಿ, ಮತ್ತೆ ಹಾಕಿ. ಪಟ್ಟೀಲಿ ಒಂದಷ್ಟು ಜನರನ್ನ ತೆಗೆದು ಓಡ್ಸಿ. ಓಡಿದ್ರೆ ತೊಂದ್ರೆ ತೆಗೆದವರಲ್ಲೈತೆ. ಓಡ್ಲಿಲ್ಲ ಅಂದ್ರೆ ಉಳಿದವರಲ್ಲೈತೆ. ಹಂಗೇ ಅರ್ಧ, ಅರ್ಧದಲ್ಲಿ ಅರ್ಧ ಮಾಡ್ತಾ ಹೋಗಿ. ಹತ್ತೇ ಸಲಕ್ಕೆ ಸಿಕ್ಬುಡ್ತದೆ."

ಬಸ್ಸಿನ ಸದ್ದಿನಲ್ಲಿ ಆಕೆಗೆ ಕೇಳಿಸಲೆಂದು ಚನ್ನಬಸವಯ್ಯನವರು ಗಂಟಲೆತ್ತಿ ಉತ್ತರ ಕೊಟ್ಟರು. ಆ ಗಂಟಲು ಎಂಥದೆಂದರೆ, ಅಂಗಡಿಯಲ್ಲಿ ನಿಂತು ಕೂಗಿದರೆ ಬಸ್‌ಸ್ಟ್ಯಾಂಡಿನಲ್ಲಿ ಹೊರಟ ಬಸ್ಸು ನಿಲ್ಲುತ್ತಿತ್ತು.

"ಕುಂದೂರವ್ರನ್ನ ಪೂರ್ತಿ ತೆಗ್ದಾಕ್ಲಾ? ಆಯ್ತು, ತೆಗ್ದಾಕ್ದೆ!"

ಕಿಟಕಿಯ ಆಚೆ ಶಾಂತಮಲ್ಲಪ್ಪನವರ ಕೈಯಲ್ಲಿದ್ದ ಉಪ್ಪಿಟ್ಟು ಬಾಯಿಗೂ ತಟ್ಟೆಗೂ ನಡುವೆ ನಿಂತಿತು. ಅವರು ಅದನ್ನು ಮೆಲ್ಲಗೆ ತಟ್ಟೆಗೇ ವಾಪಸು ಹಾಕಿ, ತಟ್ಟೆಯನ್ನು ನೆಲಕ್ಕಿಟ್ಟು, ಶಾಲು ಕೊಡವಿ ಹೆಗಲಿಗೆ ಹಾಕಿಕೊಂಡರು.

"ಏಳ್ರಪ್ಪ, ಹೋಗಣ. ನಮ್ಮನ್ನ ಪಟ್ಟಿಯಿಂದ ಕಿತ್ತಾಕವ್ನಂತೆ. ಅದೂ ಉಪ್ಪಿಟ್ಟು ತಿನ್ನಕ್ ಕೂರ್ಸಿ."

ಕುಂದೂರಿನವರು ಒಂಬತ್ತು ಮಂದಿ ಎದ್ದರು. ಎದ್ದವರಲ್ಲಿ ಒಬ್ಬರು ಆಗಲೇ ಊರಿಗೆ ಫೋನ್ ಹಚ್ಚಿ, ಮದುವೆಗೆಂದು ಹೊಲಿಯಲು ಕೊಟ್ಟ ರವಿಕೆಗಳನ್ನು ಹಾಗೇ ವಾಪಸು ತರಲು ಹೇಳುತ್ತಿದ್ದರು. ಅಷ್ಟರಲ್ಲಿ ಸೂತ್ರವನ್ನು ಮತ್ತೆ ಓಡಿಸಿ ನೋಡಿದ್ದ ಚನ್ನಬಸವಯ್ಯನವರು ಹೊರಗೆ ಓಡಿ ಬಂದರು.

"ಅಣ್ಣಯ್ಯ, ನಿಂತ್ಕೊ! ನಿಮ್ದೇನೂ ತಪ್ಪಿಲ್ಲ. ನಿಮ್ಮನ್ನ ತೆಗುದ್ರೂ ಅದು ಕೆಟ್ಟೇ ಐತೆ. ನೀವು ಇದ್ರೂ ಒಂದೇ, ಇಲ್ದಿದ್ರೂ ಒಂದೇ!"

ಇದಕ್ಕಿಂತ ಕೆಟ್ಟ ಸಮಾಧಾನವನ್ನು ಆಲೂರು ತಾಲ್ಲೂಕಿನಲ್ಲಿ ಯಾರೂ ಯಾರಿಗೂ ಹೇಳಿರಲಿಕ್ಕಿಲ್ಲ. ಶಾಂತಮಲ್ಲಪ್ಪ ಗೇಟಿನ ಚಿಲಕಕ್ಕೆ ಕೈ ಹಾಕಿದರು. ಆದರೆ ಚನ್ನಬಸವಯ್ಯನವರು ಉಸಿರು ತೆಗೆದುಕೊಂಡು, "ತೊಂದ್ರೆ ಪಾಳ್ಯದವ್ರಲ್ಲೋ ಸಕಲೇಶಪುರದವ್ರಲ್ಲೋ ಐತಂತೆ" ಎಂದು ಸೇರಿಸಿದ ಕೂಡಲೇ ಅವರ ಕೈ ಸಡಿಲವಾಯಿತು.

"ಅದು ನಂಗೆ ಮೊದ್ಲೇ ಗೊತ್ತಿತ್ತು ಕಣೋ," ಎಂದು ಶಾಂತಮಲ್ಲಪ್ಪ ಹಿಂದಿರುಗಿ ಕುಳಿತು, ನೆಲದ ಮೇಲಿನ ತಟ್ಟೆ ಎತ್ತಿಕೊಂಡರು.

ಒಳಗೆ ರಾಜಲಕ್ಷ್ಮಮ್ಮ ಮೊರ ಹಿಡಿದೇ ಕಾಯುತ್ತಿದ್ದರು. "ಏನ್ರೀ, ನಮ್ ತವರಿನವ್ರಲ್ಲಿ ಐತಂತಾ ತೊಂದ್ರೆ? ಇಪ್ಪತ್ತೇಳ್ ವರ್ಷದಿಂದ ಇಲ್ದಿದ್ದು ಇವತ್ ಬಂತಾ?"

"ಇಲ್ಲ ಕಣೇ. ಬರೀ ತೆಗ್ದು ನೋಡ್ತೀನಿ ಅಷ್ಟೇ."

"ತೆಗೀರಿ, ನೋಡಣ."

ತೆಗೆದರು. ಪಟ್ಟಿಯಲ್ಲಿ ಈಗ ಪಾಳ್ಯದವರಷ್ಟೇ ಉಳಿದಿದ್ದರು. ಒತ್ತಿದರು. ಚಕ್ರ ಸುತ್ತತೊಡಗಿತು, ಪಟ್ಟಿ ಬಿಳಿಚಿಕೊಂಡಿತು. ಇಪ್ಪತ್ತೇಳು ವರ್ಷದ ದಾಂಪತ್ಯದಲ್ಲಿ ಒಂದು ಯಂತ್ರ ಕೆಟ್ಟು ನಿಂತಿದ್ದಕ್ಕೆ ಚನ್ನಬಸವಯ್ಯನವರು ಅಷ್ಟು ಸಂತೋಷಪಟ್ಟದ್ದು ಅದೇ ಮೊದಲು.

"ನಿಮ್ಮೋರು ಚಿನ್ನದಂಥೋರು! ತೊಂದ್ರೆ ಪೂರ್ತಿ ಪಾಳ್ಯದವ್ರದ್ದೇ!"

ಈ ಮಾತು ಗೋಡೆ ದಾಟಿ ಜಗಲಿಗೆ ಬಿತ್ತು. ಈಗ ಪಾಳ್ಯದವರ ಸರದಿ. ಅವರಲ್ಲಿ ಮೇಲಿನ ಬೀದಿ, ಕೆಳಗಿನ ಬೀದಿ ಎಂದು ಎರಡು ಗುಂಪು. ಎರಡಕ್ಕೂ ಹತ್ತು ವರ್ಷದಿಂದ ಸರಿಯಿಲ್ಲ. ಕೆಳಗಿನ ಬೀದಿಯವರನ್ನು ತೆಗೆದರೂ ಚಕ್ರ ನಿಲ್ಲಲಿಲ್ಲ ಎಂಬ ಸುದ್ದಿ ಹೊರಬಿದ್ದಾಗ ಆ ಬೀದಿಯವರು ಒಬ್ಬರಿಗೊಬ್ಬರು ಕೈ ಕುಲುಕಿದರು. ಮೇಲಿನ ಬೀದಿಯ ಬೆಟ್ಟಮ್ಮ ಎಂಬ ಮುದುಕಿ ಎದ್ದು ನಿಂತು, ಕಂಪ್ಯೂಟರಿಗೆ ಯಾರೋ ಕಾಸು ಕೊಟ್ಟಿದ್ದಾರೆ ಎಂದು ಸಾರಿದಳು. ಪ್ರತಿ ಸಲವೂ ಪೆಟ್ಟಿಗೆಯನ್ನು ಆರಿಸಿ ಹತ್ತಿಸಬೇಕಾಗಿತ್ತು. ಪ್ರತಿ ಸಲವೂ ಒಂದಷ್ಟು ಜನ ನಿರಪರಾಧಿಗಳಾಗಿ ಉಪ್ಪಿಟ್ಟಿಗೆ ಮರಳುತ್ತಿದ್ದರು, ಉಳಿದವರು ಒಬ್ಬರನ್ನೊಬ್ಬರು ಕೆಂಗಣ್ಣಿನಿಂದ ನೋಡುತ್ತಿದ್ದರು. ನ್ಯಾಯ ಪಂಚಾಯ್ತಿಯೂ ಇಷ್ಟು ಬೇಗ ಕಳ್ಳನ ಹತ್ತಿರ ಬಂದದ್ದಿಲ್ಲವೆಂದು ಶಾಂತಮಲ್ಲಪ್ಪ ಮೆಚ್ಚುಗೆ ಸೂಚಿಸಿದರು; ಅವರಿಗೆ ಅದು ಎರಡನೆಯ ತಟ್ಟೆ ಉಪ್ಪಿಟ್ಟು.

ಹತ್ತಕ್ಕೆ ಐದು ನಿಮಿಷ ಇರುವಾಗ ಮೇಲಿನ ಬೀದಿಯಲ್ಲಿ ಒಂದೇ ಮನೆ ಉಳಿಯಿತು. ಚನ್ನಬಸವಯ್ಯನವರು ಅದನ್ನು ನೋಡಿದರು. ಜೀವನದಲ್ಲಿ ಮೊದಲ ಬಾರಿಗೆ ಅವರು ಪಿಸುಗುಟ್ಟಿದರು. ಆದರೆ ಅವರ ಪಿಸುಮಾತೂ ಒಂದು ಹಿಡಿ ಹೆಚ್ಚಿಗೆಯೇ ಇತ್ತು.

"ಅಯ್ಯೋ ಶಿವನೇ, ಅಕ್ಕನ ಮನೇದು!"

ಸುಲೋಚನಮ್ಮ ಕುಂಕುಮದ ಬಟ್ಟಲನ್ನು ಸದ್ದಾಗದಂತೆ ತಟ್ಟೆಯಲ್ಲಿಟ್ಟರು.

"ನನ್ ಮನೇದಾ, ಚನ್ನ?"

"ಅಕ್ಕ, ಹಂಗಲ್ಲ..."

"ಗಂಡು ಹುಡುಕ್ದೋಳು ನಾನು. ಗಂಡಿನ ಮನೆಗೆ ಐದ್ ಸಲ ಬಸ್ಸಲ್ಲಿ ಓಡಾಡ್ದೋಳು ನಾನು. ಈಗ ತೊಂದ್ರೆ ನನ್ ಮನೇದಾ?" ಅವರು ಸೆರಗು ಸರಿಮಾಡಿಕೊಂಡು ಕುರ್ಚಿಯಲ್ಲಿ ಇನ್ನೂ ನೆಟ್ಟಗೆ ಕುಳಿತರು. "ನಾನು ತಟ್ಟೆ ಎತ್ತಲ್ಲ. ಆ ಕಂಪ್ಯೂಟ್ರನ್ನೇ ಕುಂಕುಮ ಕೊಡಕ್ ಕಳ್ಸು."

ಸೋದರತ್ತೆ ತಟ್ಟೆ ಎತ್ತದೆ ಕರೆಯುವ ಮಾತಿಲ್ಲ. ಗಡಿಯಾರದಲ್ಲಿ ಮೂವತ್ತೈದು ನಿಮಿಷ ಉಳಿದಿತ್ತು. ಚನ್ನಬಸವಯ್ಯನವರಿಗೆ ನಿಜವಾಗಿ ಅಳು ಬಂತು. ಒಂದು ವಿಡಿಯೋ ನೋಡಿದ ತಪ್ಪಿಗೆ ಮಗಳ ಮದುವೆಯ ಮೊದಲ ಹೆಜ್ಜೆಯೇ ಮುರಿಯಿತಲ್ಲ ಎಂದು ಅವರು ಕಂಪ್ಯೂಟರಿನ ಮುಂದೆ ತಲೆಯ ಮೇಲೆ ಕೈ ಹೊತ್ತು ಕುಳಿತರು. ಬೋರಯ್ಯ ಮಾತ್ರ ಧೈರ್ಯ ಕಳೆದುಕೊಳ್ಳದೆ, ಪೆಟ್ಟಿಗೆಯನ್ನು ಹಿಂದಿನಿಂದ ಸ್ವಲ್ಪ ತಳ್ಳಿ ನೋಡೋಣವೇ ಎಂದು ಕೇಳಿದ.

ಹತ್ತೂ ಐದಕ್ಕೆ ಸ್ನೇಹಾ ಬಂದಳು. ಚಪ್ಪಲಿ ಬಿಟ್ಟು ನೇರ ಒಳಗೆ ಹೋಗಿ, ಅಳುಮೋರೆಯ ಅಪ್ಪನನ್ನೂ, ಕಲ್ಲಿನಂತೆ ಕುಳಿತ ಅತ್ತೆಯನ್ನೂ, ತಗಡು ಬಿಚ್ಚಿ ವಿಭೂತಿ ಹಚ್ಚಿಸಿಕೊಂಡಿದ್ದ ಪೆಟ್ಟಿಗೆಯನ್ನೂ ನೋಡಿದಳು. ಸೂತ್ರ ನೋಡಿ ಹಣೆ ಚಚ್ಚಿಕೊಂಡಳು.

"ಅಪ್ಪಾ, ಹೊರಗೆ ಇನ್ನೊಂದು ಪ್ಲಸ್ ಯಾಕ್ ಹಾಕಿದ್ರಿ?"

"ಇರ್ಲಿ ಅಂತ ಕಣವ್ವ."

ಸ್ನೇಹಾ ತಟ್ಟೆಯಿಂದ ಐದು ಅಡಿಕೆ ತೆಗೆದು ಮೇಜಿನ ಮೇಲೆ ಸಾಲಾಗಿ ಇಟ್ಟಳು. ಜಗಲಿಯವರೆಲ್ಲ ಬಾಗಿಲಲ್ಲಿ ಮುತ್ತಿಕೊಂಡರು.

"ಈ ಐದನ್ನ ಸಾಲು ತಪ್ಪಿಸದೆ ಗುಂಪು ಮಾಡಿ. ಐದೂ ಒಂದೇ ಗುಂಪು ಮಾಡಬಹುದು. ನಾಲ್ಕು, ಒಂದು ಮಾಡಬಹುದು. ಮೂರು, ಎರಡು. ಮೂರು, ಒಂದು, ಒಂದು. ಹಿಂಗೆ ಎಷ್ಟು ತರ ಆಗ್ತದೆ ಗೊತ್ತಾ? ಹದಿನಾರು."

ಶಾಂತಮಲ್ಲಪ್ಪ ಬೆರಳೆಣಿಸಿ, ಹದಿನಾಲ್ಕೇ ಆಗುತ್ತದೆ ಎಂದರು.

"ಹದಿನಾರು, ದೊಡ್ಡಪ್ಪ. ಹತ್ತು ಅಡಿಕೆಗೆ ಐನೂರ ಹನ್ನೆರಡು. ಇಪ್ಪತ್ತಕ್ಕೆ ಐದು ಲಕ್ಷದ ಮೇಲೆ. ಒಂದೊಂದು ಅಡಿಕೆ ಸೇರಿದಂಗೂ ಎರಡರಷ್ಟು. ಸಾಲಿನ ಕೊನೇಲಿ ನಂಬರ್ ಇದ್ರೆ ಈ ತಾಪತ್ರಯ ಇಲ್ಲ, ಸಿಕ್ತು ಅಂತ ಮುಂದಕ್ಕೆ ಹೋಗ್ತದೆ. ನಂಬರ್ ಇಲ್ದೇ ಹೋದ್ರೆ, ನಾನು ಅಕ್ಷರಗಳನ್ನ ಗುಂಪು ಮಾಡಿದ್ದು ತಪ್ಪಾಗಿರ್ಬೇಕು ಅಂತ ವಾಪಸ್ ಬಂದು ಬೇರೆ ತರ ಗುಂಪು ಮಾಡಿ ಹುಡುಕ್ತದೆ. ಎರಡು ಪ್ಲಸ್ ಇರೋದ್ರಿಂದ ಇರೋ ಅಷ್ಟೂ ತರ ನೋಡ್ದೆ ಬಿಡಲ್ಲ. ಅಕ್ಷರ ನಾನೂರು ಇದ್ರೆ ನನ್ ಮೊಮ್ಮಕ್ಕಳ ಮದ್ವೆಗೂ ಮುಗಿಯಲ್ಲ."

"ನಾನೂರು ಅಕ್ಷರದ ಹೆಸ್ರು ಯಾರಿಗಿರ್ತದೆ ಮಾರಾಯ್ತಿ?" ಎಂದರು ಶಾಂತಮಲ್ಲಪ್ಪ.

ಸ್ನೇಹಾ ಅತ್ತೆಯ ಮನೆಯಿಂದ ಬಂದ ಸಾಲುಗಳನ್ನು ಕೆಳಗಿಳಿಸುತ್ತ ಹೋಗಿ ಒಂದು ಕಡೆ ನಿಂತಳು. ಆ ಸಾಲು ಪರದೆಯ ಬಲ ಅಂಚನ್ನು ದಾಟಿ ಎಲ್ಲೋ ಹೋಗಿತ್ತು. ಸುಲೋಚನಮ್ಮ ಫೋನಿನ ಮೈಕು ಒತ್ತಿ ಮಾತಾಡಿಯೇ ಪಟ್ಟಿ ಕಳಿಸಿದ್ದರು. ಅವರು ಹೇಳಿದ್ದನ್ನೆಲ್ಲ ಫೋನು ಒಂದೇ ಉಸಿರಿಗೆ ಬರೆದುಕೊಂಡಿತ್ತು. ಸ್ನೇಹಾ ಗಟ್ಟಿಯಾಗಿ ಓದಿದಳು:

"ಗುಡ್ಡದ ಮೇಲೆ ಸೋಮಯ್ಯಮಾವ ನಮ್ಮಪ್ಪನ ಸೋದರಮಾವನ ಎರಡನೇ ಮಗ ಎಸ್ಟೇಟಿನಲ್ಲಿ ರೈಟರ್ ಆಗಿದ್ದೋರು ಈಗ ಕೆಲಸ ಬಿಟ್ಟವ್ರೆ ಸಕಲೇಶಪುರ ದಾಟಿ ಎಡಕ್ಕೆ ತಿರುಗಿ ಹಳೇ ಸ್ಟೋರ್ ಹಿಂದೆ ಒಂಟಿ ಮನೆ ಸ್ವಲ್ಪ ಕೋಪ ಜಾಸ್ತಿ ಆದರೆ ಮನಸು ಒಳ್ಳೇದು ಚನ್ನ ಸಣ್ಣೋನಿದ್ದಾಗ ಜ್ವರ ಬಂದು ಕಣ್ಣು ಮೇಲೆ ಮಾಡಿದಾಗ ಮಳೇಲಿ ಹೆಗಲ ಮೇಲೆ ಹೊತ್ಕೊಂಡು ಆಲೂರಿನ ಆಸ್ಪತ್ರೆವರ್ಗೂ ನಡೆದವರು ಇವರೇ ಚನ್ನನಿಗೆ ನೆನಪಿರಲ್ಲ ನನಗೈತೆ ಅವರಿಗೆ ಫೋನ್ ಇಲ್ಲ ಮನೆಗೇ ಹೋಗಿ ಕರೀಬೇಕು ಮರೀಬೇಡಿ"

ಚನ್ನಬಸವಯ್ಯನವರ ಕಿವಿ ಕೆಂಪಾಯಿತು. ಅವರಿಗೆ ಆ ಜ್ವರ ನೆನಪಿರಲಿಲ್ಲ, ಹೆಗಲೂ ನೆನಪಿರಲಿಲ್ಲ. ಸೋಮಯ್ಯಮಾವನನ್ನು ನೋಡಿ ಎಂಟೊಂಬತ್ತು ವರ್ಷವಾಗಿತ್ತು. ನಂಬರಿಲ್ಲದ ಸಾಲು ನಡೆಯುವುದಿಲ್ಲ ಎಂದು ಬರೆದವರು ತಾವೇ ಎಂಬುದು ಮಾತ್ರ ಚೆನ್ನಾಗಿ ನೆನಪಿತ್ತು, ಅದಕ್ಕೆ ಅವರಿಗೆ ನಾಚಿಕೆಯಾಯಿತು.

"ಅಕ್ಕ, ಇಷ್ಟುದ್ದ ಯಾಕ್ ಹೇಳ್ದೆ?" ಎಂದು ಮೆಲ್ಲಗೆ ಕೇಳಿದರು.

"ಮತ್ತೆ ಕಂಪ್ಯೂಟ್ರಿಗೆ ಗುರುತು ಸಿಗ್ಬೇಕಲ್ಲಪ್ಪ? ಅದೇನು ಸೋಮಯ್ಯಮಾವನ್ನ ಕಂಡೈತಾ?"

ಸ್ನೇಹಾ ನಗು ತಡೆದುಕೊಂಡು ಹೊರಗಿನ ಪ್ಲಸ್ ಅಳಿಸಿದಳು. ಮೂರು ಕಡೆಯವರನ್ನೂ ಪಟ್ಟಿಗೆ ವಾಪಸು ಸೇರಿಸಿ ಒತ್ತಿದಳು. ಕಣ್ಣು ಮುಚ್ಚಿದ್ದವರಿಗೆ ನಿಜವಾಗಿಯೂ ನೋಡಲು ಸಿಗಲಿಲ್ಲ. ಸಾವಿರದ ಚಿಲ್ಲರೆ ಹೆಸರು ಒಂದು ಕಡೆ, ನಂಬರು ಒಂದು ಕಡೆ ಸಾಲುಗಟ್ಟಿ ನಿಂತವು, ಮೂರು ಪಟ್ಟಿಗಳೂ ಪ್ರಿಂಟರಿನಿಂದ ಹೊರಬಂದವು. ಜಗಲಿಯಲ್ಲಿ ಚಪ್ಪಾಳೆ ಬಿತ್ತು. ಪಾಳ್ಯದ ಎರಡೂ ಬೀದಿಯವರು ಒಟ್ಟಿಗೆ ತಟ್ಟಿದ ಚಪ್ಪಾಳೆ ಅದೊಂದೇ.

ಸುಲೋಚನಮ್ಮ ಮಾತ್ರ ಕನ್ನಡಕ ಹಾಕಿಕೊಂಡು ಮೂರು ಪಟ್ಟಿಯನ್ನೂ ಮೇಲಿಂದ ಕೆಳಗೆ ನೋಡಿದರು.

"ಸೋಮಯ್ಯಮಾವ ಎಲ್ಲಿ?"

"ಅತ್ತೆ, ಅವರಿಗೆ ನಂಬರ್ ಇಲ್ವಲ್ಲ. ಈಗ ಅದು ನಂಬರ್ ಸಿಗ್ಲಿಲ್ಲ ಅಂದ್ರೆ ಬಿಟ್ಟು ಮುಂದಕ್ಕೆ ಹೋಗ್ತದೆ."

"ಹಂಗಾದ್ರೆ ಮೊದ್ಲೇ ಚೆನ್ನಾಗಿತ್ತು ಕಣವ್ವ," ಎಂದರು ಸುಲೋಚನಮ್ಮ. "ಅಲ್ಲೇ ನಿಂತ್ಕಂಡು ಹುಡುಕ್ತಾ ಇತ್ತಲ್ಲ. ಈ ಮನೇಲಿ ಸೋಮಯ್ಯಮಾವನ್ನ ಬುಟ್ಟು ಮುಂದಕ್ ಹೋಗಲ್ಲ ಅಂತ ಕೂತಿದ್ದು ಅದೊಂದೇ. ಅದನ್ನೂ ಸರಿ ಮಾಡ್ಬುಟ್ರಿ."

ಹತ್ತೂ ಇಪ್ಪತ್ತೆರಡು. ಚನ್ನಬಸವಯ್ಯನವರು ಜೇಬಿನಿಂದ ಪೆನ್ನು ತೆಗೆದು, ಸಕಲೇಶಪುರದ ಪಟ್ಟಿಯ ನೆತ್ತಿಯ ಮೇಲೆ, ಎಲ್ಲರಿಗಿಂತ ಮೊದಲು, ಸೋಮಯ್ಯಮಾವ ಎಂದು ದಪ್ಪಕ್ಷರದಲ್ಲಿ ಬರೆದರು. ಬರೆದ ಮೇಲೆ ಕೆಳಗೊಂದು ಗೆರೆ ಎಳೆದರು. ಇರಲಿ ಎಂದು ಇನ್ನೊಂದು ಗೆರೆಯನ್ನೂ ಎಳೆದರು.

"ಮೊದಲ್ನೇ ಕಾರ್ಡು ಅವ್ರಿಗೇ ಅಕ್ಕ. ನೀನು, ನಾನು, ಇವ್ಳು," ಎಂದು ಹೆಂಡತಿಯ ಕಡೆ ಕೈ ತೋರಿಸಿದರು, "ಮೂರೂ ಜನ ಹೋಗಣ. ಏಳು."

ಸುಲೋಚನಮ್ಮ ತಟ್ಟೆ ಎತ್ತಿಕೊಂಡು ಹೊಸಿಲು ದಾಟಿದಾಗ ಯಮಗಂಡ ಕಾಲಕ್ಕೆ ಎರಡು ನಿಮಿಷ ಬಾಕಿಯಿತ್ತು.

ಬೋರಯ್ಯನ ಜೀಪು ಗುಂಯ್ಯೆಂದು ಕೂಗುತ್ತ ಗುಡ್ಡ ಹತ್ತಿತು. ಎರಡು ಕಡೆ ನಿಲ್ಲಿಸಿ ಬಾನೆಟ್ ಎತ್ತಿದ್ದಾಯಿತು. ಹಳೇ ಸ್ಟೋರಿನ ಹಿಂದಿನ ಒಂಟಿ ಮನೆಯ ಬಾಗಿಲಲ್ಲೇ ಸೋಮಯ್ಯಮಾವ ನಿಂತಿದ್ದರು. ಎಂಬತ್ತರ ಹತ್ತಿರದ ವಯಸ್ಸು, ನೆಟ್ಟಗಿನ ಬೆನ್ನು, ಎಸ್ಟೇಟಿನ ಲೆಕ್ಕ ಬರೆಯುವ ರೈಟರಾಗಿದ್ದ ಕಾಲದ ಖಾಕಿ ಟೋಪಿ.

"ಬಂದ್ರಾ," ಎಂದರು, ಬೆಳಿಗ್ಗೆಯಿಂದ ಕಾಯುತ್ತಿದ್ದವರ ಹಾಗೆ.

ಸುಲೋಚನಮ್ಮ ಕಾಲು ಮುಟ್ಟಿ ಕಾರ್ಡು ಕೊಟ್ಟು, ನಡೆದ ಕಥೆಯನ್ನೆಲ್ಲ ಮೊದಲಿಂದ ಹೇಳಿದರು. ಚನ್ನಬಸವಯ್ಯನವರು ಕಾಲು ಮುಟ್ಟಿದವರು ಏಳಲು ಸ್ವಲ್ಪ ಹೊತ್ತು ತೆಗೆದುಕೊಂಡರು. ಕಾಫಿ ಕುಡಿಯುವಾಗ ರಾಜಲಕ್ಷ್ಮಮ್ಮ ಗಂಡನನ್ನು ಮೊಣಕೈಯಿಂದ ತಿವಿದು ಗೋಡೆಯ ಕಡೆ ಕಣ್ಣು ತೋರಿಸಿದರು. ಕ್ಯಾಲೆಂಡರಿನ ಕೆಳಗೆ ಫೋನಿನ ಚಾರ್ಜರು ನೇತಾಡುತ್ತಿತ್ತು. ಅಂಗಳದ ಸೀಬೆಮರದ ಕೆಳಗೆ ಒಂದು ಸ್ಟೂಲಿತ್ತು. ಸಿಗ್ನಲ್ ಸಿಗುವ ಜಾಗದಲ್ಲಿ ಮಾತ್ರ ಜನ ಹಾಗೆ ಮರದಡಿ ಸ್ಟೂಲು ಹಾಕಿರುತ್ತಾರೆ.

ಹೊರಡುವಾಗ ಚನ್ನಬಸವಯ್ಯನವರು ಮುದುಕನನ್ನು ಪಕ್ಕಕ್ಕೆ ಕರೆದರು.

"ಮಾವ, ನಿಮ್ಗೆ ಫೋನ್ ಐತಾ?"

"ಐತೆ," ಎಂದರು ಸೋಮಯ್ಯಮಾವ, ಒಂದಿಷ್ಟೂ ಅಳುಕದೆ. "ಮೆಲ್ಲಗ್ ಮಾತಾಡು. ಐತೆ ಅಂದ್ರೆ ಜನ ಫೋನಲ್ಲೇ ಕರ್ದು ಮುಗಿಸ್ಬುಡ್ತಾರೆ ಕಣೋ ಚನ್ನ. ಇಲ್ಲ ಅಂದ್ರೆ ಗುಡ್ಡ ಹತ್ತಿ ಬತ್ತಾರೆ."

ಆದರೂ ಚನ್ನಬಸವಯ್ಯನವರು, ಜೀಪು ತಂದು ಮದುವೆಗೆ ಕರೆದುಕೊಂಡು ಹೋಗಲಾದರೂ ನಂಬರ್ ಬೇಕು ಎಂದು ಪೀಡಿಸಿದರು. ಸೋಮಯ್ಯಮಾವ ಯೋಚಿಸಿ, ಒಂದೊಂದಾಗಿ ಒಂಬತ್ತು ಅಂಕಿ ಹೇಳಿ ನಿಲ್ಲಿಸಿದರು.

"ಮಾವ, ಇನ್ನೊಂದು?"

"ಅದು ಮದ್ವೆ ಊಟ ಆದ್ಮೇಲೆ."

ಸೀಬೆಮರದ ಪಕ್ಕ ನಿಲ್ಲಿಸಿದ್ದ ಜೀಪಿನಲ್ಲಿ ಕುಳಿತಿದ್ದ ಸುಲೋಚನಮ್ಮ ತಮ್ಮನ ಕೈಯಲ್ಲಿದ್ದ ಚೀಟಿಯನ್ನು ಕಸಿದು ನೋಡಿದರು. ಅವರು ಕೋಪಿಸಿಕೊಳ್ಳಲಿಲ್ಲ, ಫೋನ್ ಹೊರತೆಗೆದರು. ಒಂಬತ್ತು ಅಂಕಿ ಒತ್ತಿ, ಕೊನೆಗೆ ಸೊನ್ನೆ ಒತ್ತಿದರು.

"ಹಲೋ, ಸೋಮಯ್ಯಮಾವ? ಅಲ್ವಾ? ಯಾವೂರಪ್ಪ? ತುಮಕೂರಾ? ನಾನು ಆಲೂರ್ ಕಡೆಯೋಳು. ನನ್ ತಮ್ಮನ ಮಗಳ ಮದ್ವೆ ಐತೆ. ಫೋನ್ ಹಚ್ಬುಟ್ಟು ಕರೀದೆ ಇಟ್ರೆ ತಪ್ಪಾಗ್ತದೆ. ಬನ್ನಿ, ಮನೆಯೋರ್ನೆಲ್ಲ ಕರ್ಕಂಡ್ ಬನ್ನಿ."

ಆಮೇಲೆ ಒಂದು ಒತ್ತಿದರು. ಅದು ಮಂಡ್ಯದ ಒಬ್ಬ ಮೇಷ್ಟರಿಗೆ ಹೋಯಿತು, ಅವರನ್ನೂ ಕರೆದರು. ಎರಡರಲ್ಲಿ ಯಾರೂ ಎತ್ತಲಿಲ್ಲ. ಮೂರರಲ್ಲಿ ಒಂದು ಮಗು ಸಿಕ್ಕಿತು, ಅಮ್ಮನಿಗೆ ಕೊಡಿಸಿ ಕರೆದರು. ನಾಲ್ಕು, ಐದರಲ್ಲಿ ಸಿಕ್ಕವರನ್ನೂ ಕರೆದರು, ಆರು ಸ್ವಿಚ್ ಆಫ್ ಆಗಿತ್ತು. ಸುಲೋಚನಮ್ಮನಿಗೆ ಸಿಗಲಿಲ್ಲ ಎಂದು ಒಪ್ಪಿ ಮುಂದಕ್ಕೆ ಹೋಗುವ ಅಭ್ಯಾಸವಿರಲಿಲ್ಲ. ಬೋರಯ್ಯ ಗಾಡಿ ಚಾಲೂ ಮಾಡದೆ ಕಾದ. ಏಳನ್ನು ಒತ್ತಿದಾಗ ಸೋಮಯ್ಯಮಾವನ ಅಂಗಿಯ ಒಳಜೇಬಿನಲ್ಲಿ ಜೋರಾಗಿ ಗಂಟೆ ಬಾರಿಸಿತು.

ಮುದುಕ ಟೋಪಿ ಸರಿಮಾಡಿಕೊಂಡು, ಬೇರೆ ದಾರಿಯಿಲ್ಲದೆ, ಹತ್ತಡಿ ದೂರದಲ್ಲಿ ನಿಂತುಕೊಂಡೇ ಫೋನ್ ಎತ್ತಿ ಹಲೋ ಎಂದರು.

"ಮಾವ, ನಾನು ಸುಲೋಚನ," ಎಂದರು ಸುಲೋಚನಮ್ಮ ಜೀಪಿನಿಂದ. "ನಿಮ್ಗೆ ಫೋನ್ ಇಲ್ಲ ಅಂತಾನೇ ಪಟ್ಟೀಲಿ ಇರ್ಲಿ ಬುಡಿ. ಮುಂದಿನ್ ಸಲಾನೂ ನಾವೇ ಬತ್ತೀವಿ."

ಜೀಪು ಇಳಿಜಾರಿನಲ್ಲಿ ಇಳಿಯತೊಡಗಿತು. ರಾಜಲಕ್ಷ್ಮಮ್ಮ ಬೆರಳೆಣಿಸಿ ಗಂಡನ ಕಡೆ ತಿರುಗಿದರು.

"ರೀ, ತುಮಕೂರು, ಮಂಡ್ಯ, ಆ ಮಗೂನ ಅಮ್ಮ, ಆಮೇಲೆ ಇನ್ನಿಬ್ರು. ಗುರುತಿಲ್ಲದೋರು ಐದ್ ಮನೆ ಜಾಸ್ತಿ ಆಯ್ತಲ್ರೀ ಪಟ್ಟೀಗೆ?"

ಚನ್ನಬಸವಯ್ಯನವರು ಪೆನ್ನು ತೆಗೆದು, ಹತ್ತು ಹತ್ತು ಅಂಕಿಯ ಆ ಐದು ನಂಬರನ್ನೂ ಅಕ್ಕನ ಫೋನು ನೋಡಿ ಬರೆದುಕೊಂಡರು.

"ಇರ್ಲಿ," ಎಂದರು.